ಬೆಂಗಳೂರಿಗೆ ರಜೆಗೆ ಬಂದಾಗ ಇಬ್ಬರೇ ಒಂದು ದಿನ ವೈನ್ ಸವಿಯಲು: ನಂದಿಬೆಟ್ಟದ ತಪ್ಪಲಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ವೈನ್ ಸವಿಯಲು ಕೂತಾಗ ಲೋಟ ಕೈಗೆ ಕೊಟ್ಟ ಹುಡುಗ, "ಬ್ಲ್ಯಾಕ್ ಕರಂಟ್ ವಾಸನೆ ಬರ್ತಿದೆಯಾ ಮೇಡಂ?" ಎಂದು ಕೇಳಿದ. ನಾನು ಹೂಂ ಎಂದೆ. ಬ್ಲ್ಯಾಕ್ ಕರಂಟ್ ಎನ್ನುವ ಹಣ್ಣನ್ನು ನಾನು ಇವತ್ತಿನವರೆಗೂ ಕಣ್ಣಿಂದ ನೋಡಿಲ್ಲ. ಮರುವರ್ಷ ಅದೇ ಜಾತಿಯ ಕೆಂಪು ವೈನ್ ಮೂಗಿಗೆ ಹಿಡಿದು ಕಣ್ಣು ಮುಚ್ಚಿದೆ. ತೀರ್ಥಹಳ್ಳಿ ಕಡೆಯ ನನ್ನ ತವರಿನ ಗದ್ದೆ ಅಂಚಿನ ನೇರಳೆ ಮರ ನೆನಪಾಯಿತು. ಅದರಡಿ ಉದುರಿ ಒಡೆದ ಹಣ್ಣು, ತಿಂದ ಮೇಲೆ ನಾಲಿಗೆ ಮೇಲೆ ಉಳಿಯುವ ಒಗರು, ಎಲ್ಲ ಒಟ್ಟಿಗೇ ಬಂತು. ಆ ಕ್ಷಣದಿಂದ ವೈನ್ ನನಗೆ ಅರ್ಥವಾಗತೊಡಗಿತು.

ನಾವಿರುವುದು ಶಿವಮೊಗ್ಗದಲ್ಲಿ. ಮನೆಯವರ ಊರು ವಿಜಯಪುರದ ದ್ರಾಕ್ಷಿ ಸೀಮೆ. ವರ್ಷಕ್ಕೊಮ್ಮೆ ಬೆಂಗಳೂರಿಗೆ ನಾಲ್ಕು ದಿನ ರಜೆ ಹಾಕಿ ಬರುತ್ತೇವೆ, ಅದರಲ್ಲಿ ಒಂದು ದಿನ ಇದಕ್ಕೇ ಮೀಸಲು. ಮೂರು ಸಲ ಹೋಗಿದ್ದೇವೆ. ಮೊದಲ ಸಲ ಮಾಡಿದ ತಪ್ಪುಗಳನ್ನು ನೀವು ಮಾಡುವುದು ಬೇಡ ಎಂದು, ಬೆಳಿಗ್ಗೆ ಹೊರಡುವುದರಿಂದ ರಾತ್ರಿ ಮಲಗುವವರೆಗೆ ಏನು ಮಾಡಬೇಕೆಂದು ಬರೆಯುತ್ತಿದ್ದೇನೆ. ಮಾತಿಗೆ ಮುಂಚೆ ಒಂದು ವಿಷಯ: ಇಬ್ಬರಿಗೂ 21 ವರ್ಷ ತುಂಬಿರಬೇಕು. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಮದ್ಯಕ್ಕೆ ಹೊಂದದ ಔಷಧ ತೆಗೆದುಕೊಳ್ಳುವವರು ಕುಡಿಯಬಾರದು. ಆದರೆ ಅವರೂ ಜೊತೆಗೆ ಬರಬಹುದು. ಈ ದಿನದ ಮುಕ್ಕಾಲು ಪಾಲು ಕೆಲಸ ಮೂಗಿನದು, ಗಂಟಲಿನದಲ್ಲ.

ಯಾವ ತಿಂಗಳು, ಯಾವ ವಾರ

ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕಟಾವು ಆಗುವುದು ಆಗ. ಬಳ್ಳಿಯಲ್ಲಿ ಗೊಂಚಲು ಇರುತ್ತದೆ, ಅದೃಷ್ಟವಿದ್ದರೆ ಹಣ್ಣು ಅರೆಯುವುದನ್ನೂ ನೋಡಬಹುದು. ಮಳೆಗಾಲದಲ್ಲಿ ಹೋದರೆ ತೋಟ ಹಸಿರಾಗಿರುತ್ತದೆ, ಆದರೆ ಹಣ್ಣಿಲ್ಲದ ಬಳ್ಳಿ ಮುಂದೆ ನಿಂತು ಕೇಳಿದ ವಿವರಣೆ ತಲೆಯಲ್ಲಿ ನಿಲ್ಲುವುದಿಲ್ಲ.

ಶನಿವಾರ, ಭಾನುವಾರ ಬೇಡ. ಆ ಎರಡು ದಿನ ನಂದಿಬೆಟ್ಟದ ಸೂರ್ಯೋದಯಕ್ಕೆಂದು ನಸುಕಿನಲ್ಲೇ ಇಡೀ ಬೆಂಗಳೂರು ಆ ದಾರಿ ಹಿಡಿದಿರುತ್ತದೆ. ಮಂಗಳವಾರ, ಬುಧವಾರ ಹೋದರೆ ವಿವರಿಸುವವರಿಗೂ ಪುರುಸೊತ್ತು, ನಿಮಗೂ ನೆಮ್ಮದಿ. ಅಕ್ಟೋಬರ್ 2ರಂತಹ ಮದ್ಯ ನಿಷೇಧದ ದಿನ, ಚುನಾವಣೆಯ ಮತದಾನ ಮತ್ತು ಎಣಿಕೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ.

ಎಲ್ಲಿಗೆ ಹೋಗುವುದು

ಮೊದಲ ಸಲದವರಿಗೆ ನನ್ನ ಆಯ್ಕೆ ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದ ಗ್ರೋವರ್ ಜಾಂಪಾ ವೈನರಿ, ಅಂದರೆ ವೈನ್ ತಯಾರಿಸುವ ಜಾಗ. ಬೆಂಗಳೂರಿನ ನಡುವಿನಿಂದ ಸುಮಾರು 45 ಕಿಲೋಮೀಟರ್, ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯಲ್ಲಿ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ಇಲ್ಲಿ ನೆಡಿಸಿ, 1988ರಲ್ಲಿ ಕಂಪನಿ ಕಟ್ಟಿದರು. 1992ರಲ್ಲಿ ಮೊದಲ ವೈನ್ ಹೊರಬಂತು. ಆಮೇಲೆ ಫ್ರಾನ್ಸಿನ ಬೋರ್ದೋ ಸೀಮೆಯ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಇದಕ್ಕೆ ಸಲಹೆಗಾರರಾದರು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜೊತೆ ವಿಲೀನವಾಗಿ ಈಗಿನ ಹೆಸರು ಬಂತು. ಇದೇ ತೋಟದ ಲಾ ರಿಸರ್ವ್ ಕೆಂಪು ವೈನ್, ಕ್ಯಾಬರ್ನೆ ಸೊವಿನ್ಯೊಂ ಮತ್ತು ಶಿರಾಜ್ ಎನ್ನುವ ಎರಡು ಕಪ್ಪು ದ್ರಾಕ್ಷಿ ತಳಿ ಬೆರೆಸಿ ಮಾಡುವಂಥದ್ದು, ಕರ್ನಾಟಕದ ವೈನಿಗೆ ಹೊರಗಡೆ ಹೆಸರು ತಂದದ್ದು.

ಮೈಸೂರಿನ ಕಡೆ ಹೋಗುವ ಕಾರ್ಯಕ್ರಮ ಇದ್ದರೆ ಚನ್ನಪಟ್ಟಣದ ಹೆರಿಟೇಜ್ ವೈನರಿ ದಾರಿಯಲ್ಲೇ ಸಿಗುತ್ತದೆ. ಗೊಂಬೆ ಅಂಗಡಿಗಳನ್ನೂ ನೋಡಿಕೊಂಡು ಬರಬಹುದು. ಒಂದೇ ದಿನ ಎರಡೂ ಕಡೆ ಮಾತ್ರ ಹೋಗಬೇಡಿ. ಒಂದು ವೈನರಿ ಸಾಕು. ಐದು ವೈನ್ ಆದ ಮೇಲೆ ನಾಲಿಗೆಗೆ ಆರನೆಯದರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕರ್ನಾಟಕದಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ. ಆಗಲೇ ಕರ್ನಾಟಕ ದ್ರಾಕ್ಷಾರಸ ಮಂಡಳಿಯೂ ಶುರುವಾಯಿತು. ಅದು ದ್ರಾಕ್ಷಾರಸ ಉತ್ಸವಗಳನ್ನು ನಡೆಸುತ್ತದೆ. ನಿಮ್ಮ ರಜೆಗೆ ಅಂಥದ್ದೊಂದು ಕೂಡಿಬಂದರೆ ಹಲವು ಕಂಪನಿಗಳ ವೈನ್ ಒಂದೇ ಜಾಗದಲ್ಲಿ ಸಿಗುತ್ತದೆ. ಆದರೆ ಬಳ್ಳಿ, ಮಣ್ಣು, ಪೀಪಾಯಿ ನೋಡಿ ಕುಡಿಯುವುದಕ್ಕೂ ಜಾತ್ರೆಯಲ್ಲಿ ನಿಂತು ಕುಡಿಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಫೋನಿನಲ್ಲಿ ಕೇಳಬೇಕಾದ್ದು

ವಾರ ಮುಂಚೆ ಫೋನ್ ಮಾಡಿ ಹೆಸರು ಬರೆಸಿ. ನಾವು ಮೊದಲ ವರ್ಷ ಒಂದು ಕಡೆ ಹೇಳದೆ ಕೇಳದೆ ಹೋಗಿ, ಗೇಟಿನ ಹತ್ತಿರ ಒಂದೂವರೆ ಗಂಟೆ ಬಿಸಿಲಲ್ಲಿ ಕಾದಿದ್ದೇವೆ. ಇಷ್ಟು ಕೇಳಿ: ತೋಟ ಸುತ್ತಿಸುವುದು ಎಷ್ಟು ಗಂಟೆಗೆ, ಎಷ್ಟು ಬಗೆಯ ವೈನ್ ಕೊಡುತ್ತೀರಿ, ಪ್ರತಿ ಲೋಟಕ್ಕೆ ಎಷ್ಟು ಮಿಲಿ, ಊಟ ಸೇರಿದೆಯೇ, ಕನ್ನಡದಲ್ಲಿ ವಿವರಿಸುವವರು ಇದ್ದಾರೆಯೇ. ಕೊನೆಯದನ್ನು ಸಂಕೋಚವಿಲ್ಲದೆ ಕೇಳಿ. ತೋಟದಲ್ಲಿ ಕೆಲಸ ಮಾಡುವವರು ಸುತ್ತಮುತ್ತಲ ಹಳ್ಳಿಯವರೇ. ಬಳ್ಳಿ ಬಗ್ಗೆ ಕನ್ನಡದಲ್ಲಿ ಒಂದು ಮಾತು ಕೇಳಿದರೆ ಹತ್ತು ಮಾತು ಹೇಳುತ್ತಾರೆ.

ಬೆಳಗಿನ ಸರದಿಯನ್ನೇ ಹಿಡಿಯಿರಿ. ಹನ್ನೊಂದರ ಹೊತ್ತಿಗೆ ಮೂಗು, ನಾಲಿಗೆ ಎರಡೂ ಚುರುಕಾಗಿರುತ್ತವೆ. ಊಟವಾದ ಮೇಲೆ ಅವಕ್ಕೂ ತೂಕಡಿಕೆ.

ಗಾಡಿ ಓಡಿಸುವವರು ಯಾರು?

ಇಲ್ಲಿ ರಾಜಿ ಬೇಡ. ಲೆಕ್ಕ ಹಾಕಿ: ಒಂದು ಲೋಟಕ್ಕೆ 45 ಮಿಲಿ, ಐದು ಲೋಟ ಎಂದರೆ 225 ಮಿಲಿ, ಅಂದರೆ 750 ಮಿಲಿ ಬಾಟಲಿಯಲ್ಲಿ ಸುಮಾರು ಮೂರನೇ ಒಂದು ಭಾಗ. ವೈನಿನಲ್ಲಿ ಶೇ 13 ಆಲ್ಕೋಹಾಲ್ ಇದ್ದರೆ ಹೊಟ್ಟೆಗೆ ಹೋದದ್ದು 23 ಗ್ರಾಂ. ಕಾನೂನು ಒಪ್ಪುವುದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಮಾತ್ರ. ಆ 23 ಗ್ರಾಂನಿಂದಲೇ ಇದು ಮೀರಬಹುದು. ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡದ ಮಾತು ಬಿಡಿ, ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಸಂಜೆ ಶಾಲೆ ಬಿಟ್ಟ ಮಕ್ಕಳು ಸೈಕಲ್ಲಿನಲ್ಲಿ ಬರುತ್ತಿರುತ್ತಾರೆ.

ದಿನದ ಬಾಡಿಗೆಗೆ ಕಾರು ಮಾಡಿ. ಚಾಲಕರಿಗೆ ಎಷ್ಟು ಹೊತ್ತು ಕಾಯಬೇಕೆಂದು ಮೊದಲೇ ಹೇಳಿ, ಅವರ ಊಟದ ವ್ಯವಸ್ಥೆಯನ್ನೂ ನೀವೇ ನೋಡಿಕೊಳ್ಳಿ. ಬಸ್ಸಿನಲ್ಲೂ ಹೋಗಬಹುದು: ದೊಡ್ಡಬಳ್ಳಾಪುರದವರೆಗೆ ಬಸ್ಸೋ ರೈಲೋ, ಅಲ್ಲಿಂದ ಆಟೊ. ಆಟೊದವರನ್ನು ವಾಪಸಿಗೂ ಅಲ್ಲೇ ಮಾತಾಡಿಕೊಳ್ಳಿ, ತೋಟದ ಗೇಟಿನ ಹತ್ತಿರ ಆಟೊ ಸಿಗುವುದು ಕಷ್ಟ.

ಹೊರಡುವ ಬೆಳಿಗ್ಗೆ

ಸೆಂಟ್ ಹಾಕಬೇಡಿ. ನನಗೆ ಕಷ್ಟವಾದದ್ದು ಅದಲ್ಲ, ಮಲ್ಲಿಗೆ. ರಜೆಯ ದಿನ, ಇಬ್ಬರೇ ಹೊರಟಿದ್ದೇವೆ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಮೊಗ್ಗು ಬಿರಿಯುವ ಮಾಲೆ ಮೊಳಕ್ಕೆ ಅಳೆದು ಕೊಡುತ್ತಿದ್ದಾರೆ. ಹೇಗೆ ಬಿಡುವುದು? ಮೊದಲ ಸಲ ಮುಡಿದುಕೊಂಡೇ ಹೋದೆ. ಐದು ಲೋಟದಲ್ಲೂ ನನಗೆ ಮಲ್ಲಿಗೆಯೇ ಬಂತು. ಪಕ್ಕದಲ್ಲಿ ಕೂತ ಮನೆಯವರಿಗೂ ಅದೇ. ಈಗ ಮಾಲೆ ಕೊಂಡು, ಬಾಳೆಲೆ ಪೊಟ್ಟಣ ಬಿಚ್ಚದೆ ರೂಮಿನಲ್ಲೇ ಇಟ್ಟು ಹೋಗುತ್ತೇನೆ. ಸಂಜೆ ಬಂದು ಮುಡಿಯುತ್ತೇನೆ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಇಡ್ಲಿ, ಪೊಂಗಲ್, ಖಾಲಿ ದೋಸೆ ಒಳ್ಳೆಯದು. ಕೆಂಪು ಚಟ್ನಿ ಸವರಿದ ಮಸಾಲೆ ದೋಸೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಖಾರ ತಿಂದ ನಾಲಿಗೆ ಗಂಟೆಗಟ್ಟಲೆ ಉರಿಯುತ್ತಿರುತ್ತದೆ. ಕಾಫಿ ಕುಡಿಯಲೇಬೇಕೆಂದರೆ ತಿಂಡಿಯ ಜೊತೆಗೇ ಮುಗಿಸಿ, ವೈನಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಎಲೆ ಅಡಿಕೆ, ಗುಟ್ಕಾ, ಸಿಗರೇಟು ಯಾವುದೂ ಬೇಡ.

ಚೀಲದಲ್ಲಿ ಇಟ್ಟುಕೊಳ್ಳಬೇಕಾದವು: ನೀರಿನ ಎರಡು ಬಾಟಲಿ, ಬಿಳಿ ಹಾಳೆ ಒಂದು, ಟೋಪಿ, ಮಣ್ಣಿನಲ್ಲಿ ನಡೆಯುವ ಚಪ್ಪಲಿ, ಗುರುತಿನ ಚೀಟಿ, ಮತ್ತು ಎರಡು ಸಣ್ಣ ನೋಟ್‌ಬುಕ್. ಎರಡು ಎಂದು ಒತ್ತಿ ಹೇಳುತ್ತಿದ್ದೇನೆ, ಕಾರಣ ಮುಂದೆ ಬರುತ್ತದೆ.

ದೇವಸ್ಥಾನಕ್ಕೆ ಹೋಗುವ ಮನಸ್ಸಿದ್ದರೆ ವೈನಿಗೆ ಮೊದಲೇ ಹೋಗಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೇ ಶತಮಾನದ್ದು. ಬೆಳಗಿನ ಎಳೆ ಬಿಸಿಲಿನಲ್ಲಿ ಅದರ ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬಂದರೆ ಮನಸ್ಸು ಹದವಾಗಿರುತ್ತದೆ.

ದಾರಿಯಲ್ಲಿ ಎರಡು ಹಣ್ಣು

ರಸ್ತೆ ಬದಿಯಲ್ಲಿ ದ್ರಾಕ್ಷಿ ಮಾರುವವರ ಹತ್ತಿರ ಬೆಂಗಳೂರು ನೀಲಿ ದ್ರಾಕ್ಷಿ ಅರ್ಧ ಕಿಲೋ ಕೊಳ್ಳಿ. ಇದು ಈ ಸೀಮೆಯದೇ ಹಣ್ಣು, ಭೌಗೋಳಿಕ ಸೂಚಿಕೆ ಪಡೆದದ್ದು. ಬಳ್ಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಒಂದು ಹಣ್ಣನ್ನು ಬೆರಳಲ್ಲಿ ಒತ್ತಿ ನೋಡಿ: ಸಿಪ್ಪೆ ಚೀಲದ ಹಾಗೆ ಕೈಯಲ್ಲೇ ಉಳಿದು, ಒಳಗಿನ ತಿರುಳು ಗುಂಡಾಗಿ ಜಾರಿ ಹೊರಬರುತ್ತದೆ. ವಾಸನೆ ಮೂಸಿ. ಚಿಕ್ಕಂದಿನಲ್ಲಿ ತಿಂದ ದ್ರಾಕ್ಷಿ ಪೆಪ್ಪರಮೆಂಟಿನ ವಾಸನೆ ಅದು. ಮೀಥೈಲ್ ಆಂತ್ರನಿಲೇಟ್ ಎನ್ನುವ ಸಂಯುಕ್ತದಿಂದ ಬರುವ ವಾಸನೆ, ಮಿಠಾಯಿಗೂ ಅದನ್ನೇ ಹಾಕುತ್ತಾರೆ. ಜ್ಯೂಸಿಗೆ, ಜಾಮಿಗೆ, ಸಿಹಿ ಪೋರ್ಟ್ ವೈನಿಗೆ ಈ ಹಣ್ಣು ಹೋಗುತ್ತದೆ. ತೋಟಕ್ಕೆ ಹೋದಾಗ ಕೇಳಿಕೊಂಡು ಒಂದೇ ಒಂದು ಶಿರಾಜ್ ಹಣ್ಣು ಬಾಯಿಗೆ ಹಾಕಿಕೊಳ್ಳಿ: ಗಾತ್ರ ಚಿಕ್ಕದು, ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ, ಬೀಜ ದೊಡ್ಡದು, ಸಿಹಿ ಮಾತ್ರ ತುಂಬಾ ಜೋರು. ತಿನ್ನುವ ಹಣ್ಣಿಗೂ ವೈನ್ ಹಣ್ಣಿಗೂ ಇರುವ ಅಂತರ ಹೇಳಿದರೆ ಅರ್ಥವಾಗುವುದಿಲ್ಲ, ಎರಡನ್ನೂ ಅದೇ ದಿನ ತಿನ್ನಬೇಕು.

ಇನ್ನೊಂದು ಹಣ್ಣು ದೇವನಹಳ್ಳಿ ಚಕ್ಕೋತ, ಸಿಕ್ಕರೆ. ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿ, ಆ ವಾಸನೆ ನೆನಪಿಟ್ಟುಕೊಳ್ಳಿ. ಬಿಳಿ ವೈನಿನಲ್ಲಿ ಅದು ಮತ್ತೆ ಎದುರಾಗುತ್ತದೆ.

ತೋಟದಲ್ಲಿ ನೋಡಬೇಕಾದ್ದು

ನಂದಿಬೆಟ್ಟ 1,478 ಮೀಟರ್ ಎತ್ತರ, ತಪ್ಪಲಿನ ತೋಟಗಳು ಸುಮಾರು 900 ಮೀಟರ್‌ನಲ್ಲಿವೆ. ಹಗಲು ಬಿಸಿಲಿದ್ದರೂ ರಾತ್ರಿ ತಂಪು. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಅದರ ಹುಳಿಯನ್ನು ಕಾಯುತ್ತದೆ. ಹುಳಿ ಇಲ್ಲದ ವೈನ್ ಹುಣಸೆಹಣ್ಣು ಹಾಕದ ಸಾರಿನ ಹಾಗೆ, ಸಪ್ಪೆ.

ಯುರೋಪಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ. ನಮ್ಮಲ್ಲಿ ಮಲಗುವಷ್ಟು ಚಳಿಯಿಲ್ಲ, ಹಾಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬಲಿಯಲಿ ಎಂದು, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಫಲ ಬಿಡಲಿ ಎಂದು. ವಿಜಯಪುರದಲ್ಲಿ ಇದಕ್ಕೆ ಚಾಟ್ನಿ ಎನ್ನುತ್ತಾರೆ. ಮನೆಯವರು ವೈನರಿಯ ತೋಟದ ಕೆಲಸದವನೊಬ್ಬನ ಹತ್ತಿರ "ಅಕ್ಟೋಬರ್ ಚಾಟ್ನಿ ಎಷ್ಟು ಕಣ್ಣಿಗೆ ಹೊಡೀತೀರಿ?" (ಕಣ್ಣು ಎಂದರೆ ಕಡ್ಡಿಯ ಮೇಲಿನ ಮೊಗ್ಗು) ಎಂದು ಕೇಳಿದ್ದೇ ತಡ, ಆತ ನಮ್ಮನ್ನು ಸಾಲಿನೊಳಗೆ ಕರೆದುಕೊಂಡು ಹೋಗಿ ಕಡ್ಡಿ ಹಿಡಿದು ತೋರಿಸಿದ. ನಿಮ್ಮಲ್ಲಿ ಯಾರಿಗಾದರೂ ಕೃಷಿಯ ನಂಟಿದ್ದರೆ ಆ ಮಾತಿನಿಂದಲೇ ಶುರು ಮಾಡಿ.

ವೈನರಿಯೊಳಗೆ

ಹೊಳೆಯುವ ಸ್ಟೀಲ್ ಟ್ಯಾಂಕುಗಳು, ತಂಪು ಗಾಳಿ. ಹಣ್ಣನ್ನು ಅರೆದು ಯೀಸ್ಟ್ ಹಾಕಿದರೆ ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲ್, ಇಂಗಾಲದ ಡೈಆಕ್ಸೈಡ್ ಎರಡನ್ನೂ ಬಿಡುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿರುವುದನ್ನು ಕಂಡವರಿಗೆ ಹುದುಗು ಬರುವುದು ಹೊಸದಲ್ಲ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ 1 ಆಲ್ಕೋಹಾಲ್ ಆಗುತ್ತದೆ. ಕೆಂಪು ವೈನಿನ ಬಣ್ಣವೆಲ್ಲ ಸಿಪ್ಪೆಯದು. ಕಪ್ಪು ದ್ರಾಕ್ಷಿಯ ರಸವೂ ಹಿಂಡಿದಾಗ ಬಿಳಿಯೇ. ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು, ಬೇಗ ಬೇರ್ಪಡಿಸಿದರೆ ತಿಳಿಗುಲಾಬಿ.

ಪೀಪಾಯಿ ಇಟ್ಟ ಕೋಣೆಯಲ್ಲಿ ಮಾತು ನಿಲ್ಲಿಸಿ ಸುಮ್ಮನೆ ಉಸಿರೆಳೆಯಿರಿ. 225 ಲೀಟರಿನ ಓಕ್ ಪೀಪಾಯಿಗಳು. ಒಳಮೈಯನ್ನು ಬೆಂಕಿಯಲ್ಲಿ ಹುರಿದಿರುತ್ತಾರೆ, ಅದರಿಂದ ವೈನಿಗೆ ವೆನಿಲ್ಲಾ, ಲವಂಗ, ಹೊಗೆಯ ವಾಸನೆ ಬರುತ್ತದೆ. ನನಗೆ ಅಲ್ಲಿ ಬಂದದ್ದು ಅಜ್ಜಿ ಮನೆಯ ಅಟ್ಟದ ವಾಸನೆ. ಮನೆಯವರು ಬೇರೆಯೇ ಹೇಳಿದರು: "ಏ, ಇದು ನಮ್ಮ ಮಣೂಕದ ಶೆಡ್ಡಿನ ವಾಸನಿ ಹೊಡೀತದ ನೋಡು." ಮಣೂಕ ಎಂದರೆ ಒಣದ್ರಾಕ್ಷಿ. ಅದರ ಬಣ್ಣ ಕೆಡದಿರಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುವುದಿದೆ. ವೈನರಿಯಲ್ಲೂ ವೈನ್ ಕೆಡದಿರಲೆಂದು ಗಂಧಕದ ಡೈಆಕ್ಸೈಡ್ ಬಳಸುತ್ತಾರೆ. ವಿವರಿಸುವಾತ ಅದನ್ನು ಹೇಳಿದಾಗ ಇವರ ಮುಖ ಅರಳಿತು.

ಸವಿಯುವ ಮೇಜಿನಲ್ಲಿ

ಇಲ್ಲಿಗೆ ಬಂದ ಮೇಲೆ ಅವಸರ ಮಾಡಬೇಡಿ. ಕ್ರಮ ಹೀಗಿರುತ್ತದೆ: ಮೊದಲು ಗುಳ್ಳೆ ಏಳುವ ವೈನ್, ಆಮೇಲೆ ಬಿಳಿ, ತಿಳಿಗುಲಾಬಿ, ಕೆಂಪು, ಕೊನೆಗೆ ಸಿಹಿ. ಹಗುರದಿಂದ ಗಟ್ಟಿಗೆ.

ಲೋಟವನ್ನು ಅದರ ಕೆಳಗಿನ ಸಪೂರ ಕಡ್ಡಿಯಂಥ ಭಾಗದಲ್ಲಿ ಹಿಡಿಯಿರಿ. ಬಟ್ಟಲಿನ ಭಾಗ ಹಿಡಿದರೆ ಕೈಯ ಬಿಸಿ ತಾಗುತ್ತದೆ. ಬಿಳಿ ವೈನಿಗೆ 8ರಿಂದ 12 ಡಿಗ್ರಿ, ಕೆಂಪಿಗೆ 16ರಿಂದ 18 ಡಿಗ್ರಿ ಹದ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದ ಕೋಣೆಯ ಉಷ್ಣತೆ ಅದಕ್ಕಿಂತ ಎಷ್ಟೋ ಹೆಚ್ಚು. ಕೆಂಪು ಬೆಚ್ಚಗಿದೆ ಅನಿಸಿದರೆ ಹತ್ತು ನಿಮಿಷ ಐಸ್ ನೀರಿನಲ್ಲಿ ಇಡಲು ಹೇಳಿ, ಇಡುತ್ತಾರೆ.

ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚಿನ ಬಣ್ಣ ನೋಡಿ. ಎಳೆಯ ಕೆಂಪು ವೈನಿನ ಅಂಚು ನೇರಳೆ ಬಣ್ಣ, ಹಳೆಯದರದು ಇಟ್ಟಿಗೆಯ ಬಣ್ಣ. ಲೋಟ ಆಡಿಸಿದಾಗ ಗಾಜಿನ ಮೇಲೆ ಇಳಿಯುವ ಹನಿಗಳನ್ನು ತೋರಿಸಿ "ಒಳ್ಳೇ ವೈನ್" ಎನ್ನುವವರಿದ್ದಾರೆ. ಆ ಹನಿ ಆಲ್ಕೋಹಾಲ್ ಆವಿಯಾಗುವುದರಿಂದ ಆಗುವಂಥದ್ದು, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಆಡಿಸುವ ಮೊದಲು ಒಮ್ಮೆ, ಆಡಿಸಿದ ಮೇಲೆ ಒಮ್ಮೆ ಮೂಸಿ. ಮೂಗನ್ನು ಲೋಟದೊಳಗೇ ಇಳಿಸಿ, ಸಣ್ಣ ಸಣ್ಣ ಉಸಿರು ಎಳೆಯಿರಿ. ಮೂಸಿದ ತಕ್ಷಣ, ಕುಡಿಯುವ ಮೊದಲೇ, ಇಬ್ಬರೂ ನಿಮ್ಮ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ಎರಡು ನೋಟ್‌ಬುಕ್ ಬೇಕೆಂದದ್ದು ಇದಕ್ಕೇ. ಒಬ್ಬರು ಬಾಯಿಬಿಟ್ಟು "ಸೀಬೆಹಣ್ಣು" ಎಂದರೆ ಸಾಕು, ಇನ್ನೊಬ್ಬರಿಗೂ ಸೀಬೆಹಣ್ಣೇ ಬರುತ್ತದೆ. ಪುಸ್ತಕದ ಮಾತು ಬರೆಯಬೇಡಿ. ಕಂಡ ಹಣ್ಣು, ಊರು, ಅಡುಗೆಮನೆ, ಯಾರದೋ ಸೀರೆಯ ಪೆಟ್ಟಿಗೆ, ಏನು ಬಂತೋ ಅದನ್ನೇ ಬರೆಯಿರಿ.

ಆಮೇಲೆ ಒಂದು ಗುಟುಕು. ಬಾಯಿ ತುಂಬ ಆಡಿಸಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ. ಸದ್ದು ಬರುತ್ತದೆ, ಬರಲಿ. ಬಾಯಿಂದ ಮೂಗಿನ ಹಿಂಬಾಗಿಲಿಗೆ ವಾಸನೆ ಏರುವುದು ಆಗಲೇ. ಆಮೇಲೆ ಉಗುಳಿ. ಮೇಜಿನ ಮೇಲೆ ಅದಕ್ಕೆಂದೇ ಪಾತ್ರೆ ಇರುತ್ತದೆ, ಇಲ್ಲದಿದ್ದರೆ ಕೇಳಿ. ದುಡ್ಡು ಕೊಟ್ಟದ್ದನ್ನು ಉಗುಳುವುದೇ ಎಂದು ಮನಸ್ಸು ಒಪ್ಪುವುದಿಲ್ಲ, ನಾಲ್ಕು ಜನರ ಮುಂದೆ ಹೆಣ್ಣುಮಗಳು ಉಗುಳುವುದು ಇನ್ನೂ ಮುಜುಗರ. ನಾನು ಮೊದಲ ಸಲ ಎಲ್ಲವನ್ನೂ ನುಂಗಿದೆ. ನಾಲ್ಕನೆಯದರ ಹೊತ್ತಿಗೆ ತಲೆ ಭಾರವಾಗಿ, ಐದನೆಯದು ಹೇಗಿತ್ತೆಂದು ಇವತ್ತಿಗೂ ನೆನಪಿಲ್ಲ. ಈಗ ಮೂರನ್ನು ಉಗುಳಿ, ಇಷ್ಟವಾದ ಎರಡನ್ನು ಮಾತ್ರ ನುಂಗುತ್ತೇನೆ. ಎರಡು ವೈನಿನ ನಡುವೆ ಒಂದು ಲೋಟ ನೀರು, ಒಂದು ಚೂರು ಬ್ರೆಡ್.

ಪದಗಳ ಮಾತಿಗೆ ಬರೋಣ. ವೈನ್ ಬಗ್ಗೆ ಹೇಳಲು ಕನ್ನಡದಲ್ಲಿ ಪದ ಸಾಲದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೆಂಪು ವೈನಿನಲ್ಲಿ ನಾಲಿಗೆ, ಒಸಡು ಒಣಗಿ ಬಿಗಿದ ಹಾಗೆ ಆಗುತ್ತದಲ್ಲ, ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ಎನ್ನುವ ಅಂಶ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಹಾಗಾಗುವುದು. ನಮ್ಮ ಆರು ರುಚಿಗಳಲ್ಲಿ ಒಂದಾದ ಒಗರು ಅಂದರೆ ಇದೇ. ಬಾಳೆಕಾಯಿಯ ಒಗರು, ನೆಲ್ಲಿಕಾಯಿಯ ಒಗರು, ಎಳೆ ಅಡಿಕೆಯ ಒಗರು ಬೇರೆ ಬೇರೆ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಚಿಕ್ಕಂದಿನಲ್ಲಿ ಬೆರಳಲ್ಲಿ ನೆಕ್ಕಿ ಅಮ್ಮನ ಕೈಲಿ ಬೈಸಿಕೊಂಡಿದ್ದೆ. ಎಳೆ ಕ್ಯಾಬರ್ನೆ ಬಾಯಿಗೆ ಹಾಕಿದಾಗ ಅದೇ ಚೊಗರು. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ.

ಸೊವಿನ್ಯೊಂ ಬ್ಲಾಂಕ್ ಎನ್ನುವ ಬಿಳಿ ವೈನ್ ಮೂಸಿದಾಗ ಬೆಳಿಗ್ಗೆ ಗೀರಿದ ಚಕ್ಕೋತದ ಸಿಪ್ಪೆ ನೆನಪಾಗುತ್ತದೆ. ಅದರ ಹಿಂದೆ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆಯೂ ಬರಬಹುದು. ಊಹೆ ಎಂದುಕೊಳ್ಳಬೇಡಿ, ಆ ಮೆಣಸಿನಕಾಯಿಯಲ್ಲೂ ಈ ವೈನಿನಲ್ಲೂ ಇರುವುದು ಒಂದೇ ಸಂಯುಕ್ತ. ವಿಯೋನಿಯೆ ಎನ್ನುವ ಇನ್ನೊಂದು ಬಿಳಿ ವೈನ್ ನನಗೆ ಸಂಪಿಗೆ ಹೂವು. ಮನೆಯವರಿಗೆ ಅದು ಮಾಗಿದ ಪಪ್ಪಾಯಿ, ಇಬ್ಬರೂ ಬಿಟ್ಟುಕೊಡುವುದಿಲ್ಲ.

ಶಿರಾಜ್‌ನದು ದೊಡ್ಡ ಕಥೆ. ಎರಡನೇ ಸಲ ಹೋದಾಗ ಲೋಟ ಮೂಗಿಗೆ ತಂದೊಡನೆ ಕರಿಮೆಣಸು ಎಂದು ಬರೆದೆ. ಗೆರೆ ಎಳೆದು "ಅಂಗಳದಲ್ಲಿ ಒಣಗುವ ಮೆಣಸು" ಎಂದು ತಿದ್ದಿದೆ. ನೋಟ್‌ಬುಕ್ ಅದಲುಬದಲು ಮಾಡಿಕೊಂಡೆವು. ಇವರು ಬರೆದದ್ದು: ನೇರಳೆ, ಬೆಲ್ಲ, ಹೊಗೆ. ಮೆಣಸೇ ಇಲ್ಲ. "ರೀ, ಇಷ್ಟು ಜೋರಾಗಿ ಬರ್ತಿದೆಯಲ್ಲ!" ಎಂದೆ. ಇವರು ಮತ್ತೆ ಮೂಸಿದರು, ಮತ್ತೆ. "ಇಲ್ಲವೇ, ನನಗೇನೂ ಬರವಲ್ದು" ಎಂದರು. ನನಗಾಗಿ ಹೌದೆಂದು ಹೇಳಬಹುದಿತ್ತು, ಹೇಳಲಿಲ್ಲ. ಅದು ನನಗೆ ತುಂಬಾ ಹಿಡಿಸಿತು.

ಊರಿಗೆ ಬಂದು ಓದಿದಾಗ ಕಾರಣ ಗೊತ್ತಾಯಿತು. ಶಿರಾಜ್‌ಗೆ ಮೆಣಸಿನ ವಾಸನೆ ಕೊಡುವುದು ರೋಟಂಡೋನ್ ಎನ್ನುವ ಸಂಯುಕ್ತ. ಕರಿಮೆಣಸಿನಲ್ಲಿ ಇರುವುದೂ ಅದೇ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ಎಷ್ಟು ಗಾಢವಾಗಿ ಕೊಟ್ಟರೂ ತಿಳಿಯಲೇ ಇಲ್ಲ. ಹಾಗಾಗಿ ನಿಮ್ಮ ಮೇಜಿನಲ್ಲೂ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರದಿದ್ದರೆ ವಾದ ಬೇಡ, ಒಬ್ಬರನ್ನೊಬ್ಬರು ತಿದ್ದುವುದೂ ಬೇಡ. "ನಿನಗೆ ಏನು ಬಂತು?" ಎಂದು ಕೇಳಿ. ಮದುವೆಯಾಗಿ ಹದಿನಾಲ್ಕು ವರ್ಷವಾದ ಮೇಲೆ, ಇವರ ಬಾಲ್ಯದಲ್ಲಿ ಮಣೂಕದ ಶೆಡ್ಡಿನಲ್ಲಿ ರಾತ್ರಿ ಕಾವಲಿಗೆ ಮಲಗುತ್ತಿದ್ದ ಕಥೆ ನನಗೆ ಗೊತ್ತಾದದ್ದು ಒಂದು ವೈನ್ ಲೋಟದ ಮುಂದೆ.

ಕುಡಿಯದ ಸಂಗಾತಿ ಇದ್ದರೂ ಇದೇ ಕ್ರಮ. ಮೂಸಿ ಬರೆಯಲಿ. ಬಹಳ ಸಲ ಕುಡಿಯದವರ ಪಟ್ಟಿಯೇ ಉದ್ದವಿರುತ್ತದೆ.

ಮಧ್ಯಾಹ್ನದ ಊಟ

ಖಾರಕ್ಕೂ ಒಗರಿಗೂ ಆಗಿಬರುವುದಿಲ್ಲ. ಗುಂಟೂರು ಮೆಣಸಿನಕಾಯಿ ಹಾಕಿದ ಸಾರಿನ ಜೊತೆ ಗಟ್ಟಿ ಕೆಂಪು ವೈನ್ ಕುಡಿದರೆ ಉರಿ ಇಮ್ಮಡಿ. ಖಾರದ ಊಟವಾದರೆ ತುಸು ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಎನ್ನುವ ಬಿಳಿ ವೈನ್ ತೆಗೆದುಕೊಳ್ಳಿ. ಸೊವಿನ್ಯೊಂ ಬ್ಲಾಂಕಿಗೆ ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ನಾನೀಗ ಮನೆಯಲ್ಲಿ ಅದನ್ನೇ ಮಾಡುತ್ತೇನೆ. ಗುಳ್ಳೆ ವೈನಿಗೆ ಬಿಸಿ ಹೀರೇಕಾಯಿ ಬಜ್ಜಿ: ಎಣ್ಣೆಯ ಜಿಡ್ಡನ್ನು ಗುಳ್ಳೆ ತೊಳೆದುಹಾಕುತ್ತದೆ. ಮಾಂಸ ತಿನ್ನುವವರು ಶಿರಾಜ್ ಜೊತೆ ಮೆಣಸು ಹಾಕಿದ ಮಟನ್ ಫ್ರೈ ತಿಂದು ನೋಡಿ, ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ. ಸಸ್ಯಾಹಾರಿಗಳಿಗೆ ಶೇಂಗಾ, ಎಳ್ಳು ಅರೆದು ತುಂಬಿದ ಎಣ್ಣೆಗಾಯಿ ಅದೇ ಕೆಲಸ ಮಾಡುತ್ತದೆ. ಕೊನೆಗೆ ಒಬ್ಬಟ್ಟೋ ಬೇರೆ ಸಿಹಿಯೋ ತಿನ್ನುವುದಾದರೆ ವೈನ್ ಅದಕ್ಕಿಂತ ಸಿಹಿಯಾಗಿರಬೇಕು, ಇಲ್ಲದಿದ್ದರೆ ವೈನ್ ಬರೀ ಹುಳಿ ಅನಿಸುತ್ತದೆ.

ಬಾಟಲಿ ಕೊಳ್ಳುವಾಗ

ಊಟವಾದ ಮೇಲೆ ಕೊಳ್ಳಿ, ಸವಿದ ತಕ್ಷಣದ ಉಮೇದಿನಲ್ಲಿ ಬೇಡ. ಎರಡು ನೋಟ್‌ಬುಕ್ಕಿನಲ್ಲೂ ಗುರುತು ಬಿದ್ದ ಒಂದು, ನಿಮಗೆ ಮಾತ್ರ ಹಿಡಿಸಿದ ಒಂದು, ಅವರಿಗೆ ಮಾತ್ರ ಹಿಡಿಸಿದ ಒಂದು. ಮೂರು ಸಾಕು. ಬೆಲೆ ಹೆಚ್ಚಿದ್ದೆಲ್ಲ ಹಳೆಯದಾದಷ್ಟೂ ಚೆನ್ನ ಎಂದು ತಿಳಿದು ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ. ಬಿಳಿ, ತಿಳಿಗುಲಾಬಿಗಳನ್ನು ಒಂದೆರಡು ವರ್ಷದೊಳಗೆ ಮುಗಿಸಿ.

ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟು ಇನ್ನೆಲ್ಲೋ ಸುತ್ತಲು ಹೋಗಬೇಡಿ. ಬಿಸಿಗೆ ವೈನ್ ಬೆಂದುಹೋಗುತ್ತದೆ. ಟವೆಲಿನಲ್ಲಿ ಸುತ್ತಿ, ಕಾಲಿನ ಬಳಿ ಎಸಿ ಗಾಳಿ ತಾಗುವಲ್ಲಿ ಇಡಿ. ಬಿಲ್ ಜೋಪಾನ. ಮನೆಯಲ್ಲಿ ಬಿರಡೆ ಇರುವ ಬಾಟಲಿಯನ್ನು ಕತ್ತಲೆಯ ಕಪಾಟಿನಲ್ಲಿ ಮಲಗಿಸಿಡಿ. ತಿರುಪಿನ ಮುಚ್ಚಳದ್ದು ನಿಂತಿದ್ದರೂ ನಡೆಯುತ್ತದೆ. ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಸಂಜೆ

ನಾಲ್ಕು ಗಂಟೆಯೊಳಗೆ ಹೊರಟರೆ ಹೆಬ್ಬಾಳದ ಸಂಜೆ ದಟ್ಟಣೆಗೆ ಮುಂಚೆ ಊರು ಸೇರಬಹುದು. ದಾರಿಯುದ್ದಕ್ಕೂ ನೀರು ಕುಡಿಯುತ್ತಿರಿ. ರಾತ್ರಿಗೆ ಮೊಸರನ್ನ, ತಿಳಿಸಾರು, ಅಷ್ಟೇ. ಅವತ್ತು ಮತ್ತೆ ಬಾರು, ಪಬ್ಬು ಎಂದು ಹೋಗಬೇಡಿ.

ರೂಮಿಗೆ ಬಂದು ನಾನು ಬಾಳೆಲೆ ಪೊಟ್ಟಣ ಬಿಚ್ಚುತ್ತೇನೆ. ಮೊಗ್ಗೆಲ್ಲ ಅರಳಿರುತ್ತವೆ. ಆಮೇಲೆ ಇಬ್ಬರೂ ಕೂತು ನೋಟ್‌ಬುಕ್ಕಿನ ಪುಟಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇವೆ. ಹೋದ ಫೆಬ್ರವರಿಯಲ್ಲಿ ತಂದ ಶಿರಾಜ್ ಅನ್ನು ಯುಗಾದಿ ಕಳೆದ ಮೇಲೆ ಶಿವಮೊಗ್ಗದ ಮನೆಯಲ್ಲಿ ತೆರೆದೆವು. ತವರಿಂದ ಬಂದ ಮೆಣಸಿನ ನಾಲ್ಕು ಕಾಳು ಕುಟ್ಟಿ ಒಂದು ಬಟ್ಟಲಲ್ಲಿ ಹಾಕಿ, ಲೋಟದ ಪಕ್ಕದಲ್ಲಿಟ್ಟು ಮನೆಯವರಿಗೆ ಕೊಟ್ಟೆ. ಬಟ್ಟಲು ಮೂಸಿದರು, ಲೋಟ ಮೂಸಿದರು, ಮತ್ತೆ ಬಟ್ಟಲು. ಬಟ್ಟಲಲ್ಲಿ ಖಾರದ ಘಾಟು ಇದೆ, ಲೋಟದಲ್ಲಿ ಇಲ್ಲ ಎಂದರು. ಪೆನ್ನು ತೆಗೆದು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: "ಶಿರಾಜ್. ಅವಳಿಗೆ ಮೆಣಸು. ನನಗೆ ಬೆಲ್ಲ."